ಅಂಗಳದಲ್ಲಿ ಬಿದ್ದ ಅಜ್ಜಿಗೆ ಫೆಂಟನಿಲ್, ಕೆಟಮಿನ್ ಅಥವಾ ನರ್ವ್ ಬ್ಲಾಕ್

ಮಳೆಗಾಲದಲ್ಲಿ ಉಡುಪಿಯ ಅಂಗಳಗಳಿಗೆ ಪಾಚಿ ಹಿಡಿಯುತ್ತದೆ, ಅಜ್ಜಿಯರು ಜಾರಿ ಬೀಳುತ್ತಾರೆ. ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ವಾಲಿದ್ದರೆ ತೊಡೆಮೂಳೆಯ ಕತ್ತು ಮುರಿದಿದೆಯೆಂದು ಎಕ್ಸ್‌ರೇಗೆ ಮೊದಲೇ ಊಹಿಸಬಹುದು. ಇಂಥವರನ್ನು ಆಂಬುಲೆನ್ಸ್‌ನಲ್ಲಿ ಕರೆತರುವ ವೈದ್ಯೆಯಾಗಿ, ನೋವು ತಗ್ಗಿಸಲು ಫೆಂಟನಿಲ್, ಕೆಟಮಿನ್, ನರದ ಬಳಿ ಮದ್ದು ಚುಚ್ಚಿ ಮರಗಟ್ಟಿಸುವ ನರ್ವ್ ಬ್ಲಾಕ್, ಈ ಮೂರನ್ನೂ ಬಳಸಿ ನೋಡಿದ್ದೇನೆ.

ಅಫೀಮಿನ ಬಗೆಯ ನೋವುನಿವಾರಕವಾದ ಫೆಂಟನಿಲ್ ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ, ಬೇಗನೇ ಇಳಿಯುತ್ತದೆ. ಬೈಂದೂರಿನಿಂದ ಮಣಿಪಾಲಕ್ಕೆ ಹೊರಟರೆ ಕುಂದಾಪುರದಲ್ಲಿ ಮತ್ತೆ ನರಳಾಟ. ಇನ್ನೊಂದು ಡೋಸ್ ಕೊಟ್ಟರೆ ಉಸಿರು ಕುಗ್ಗೀತೆಂದು ಎದೆಯ ಏರಿಳಿತವನ್ನೇ ನೋಡುತ್ತ ಕೂರಬೇಕು.

ಅರಿವಳಿಕೆಗೂ ಬಳಸುವ ಕೆಟಮಿನ್ ಅನ್ನು ಸಣ್ಣ ಪ್ರಮಾಣದಲ್ಲಿ, ಕಿಲೋಗೆ 0.1ರಿಂದ 0.3 ಮಿಲಿಗ್ರಾಂ ಕೊಟ್ಟರೆ, ಸಾಮಾನ್ಯವಾಗಿ ಉಸಿರನ್ನೂ ರಕ್ತದೊತ್ತಡವನ್ನೂ ಕುಗ್ಗಿಸುವುದಿಲ್ಲ. ಅಡಿಕೆ ಮರದಿಂದ ಬಿದ್ದವನನ್ನು ತೋಟದ ಸಂಕ ದಾಟಿಸಿ ಹೊತ್ತು ತರುವಾಗ ನನ್ನ ಆಯ್ಕೆ ಅದೇ. ಆದರೆ ಅದು ಭ್ರಮೆಯನ್ನೂ ತರಬಹುದು. ಒಬ್ಬ ಅಜ್ಜಿ, ತೀರಿಕೊಂಡ ಗಂಡ ಬಾಗಿಲಲ್ಲಿ ನಿಂತಿದ್ದಾರೆಂದು ಹೆದರಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಅಜ್ಜಿಯರ ಇಂಥ ಸೊಂಟದ ಮುರಿತಕ್ಕೆ ನನ್ನ ಮನಸ್ಸು ಪೂರ್ತಿ ಒಲಿದಿರುವುದು, ತೊಡೆಸಂದಿನ ಪೊರೆಯ ಅಡಿ ಮದ್ದು ತುಂಬಿ ತೊಡೆಯ ನರಗಳನ್ನು ಮರಗಟ್ಟಿಸುವ ಫೇಸಿಯಾ ಇಲಿಯಾಕಾ ಬ್ಲಾಕ್‌ಗೆ. ಸೊಂಟದ ಎಲುಬಿನ ಮುಂತುದಿಯಿಂದ ಜಘನದ ಎಲುಬಿನವರೆಗಿನ ಗೆರೆಯನ್ನು ಮೂರು ಪಾಲು ಮಾಡಿ, ಹೊರಗಿನ ಪಾಲು ಮುಗಿಯುವಲ್ಲಿಂದ 1 ಸೆಂಟಿಮೀಟರ್ ಕೆಳಗೆ ಮೊಂಡು ಸೂಜಿ ಇಳಿಸುತ್ತೇನೆ. ಎರಡು ಪೊರೆ ದಾಟಿದ್ದು ಬೆರಳಿಗೆ ಎರಡು ಸಲ ‘ಟಪ್’ ಎಂದು ತಿಳಿಯುತ್ತದೆ. ಅಲ್ಟ್ರಾಸೌಂಡ್ ಇದ್ದರೆ ಮದ್ದು ಪೊರೆಯ ಅಡಿ ಹರಡುವುದೂ ಕಾಣುತ್ತದೆ. 45 ಕಿಲೋ ತೂಕದವರಿಗೆ ಮರಗಟ್ಟಿಸುವ ಮದ್ದಾದ ಶೇ. 0.2ರ ರೋಪಿವಕೇನ್ 30 ಎಂಎಲ್ ಎಂದರೆ 60 ಮಿಲಿಗ್ರಾಂ. ಕಿಲೋಗೆ 3 ಮಿಲಿಗ್ರಾಂ ಮಿತಿಯಿಂದ ಬಹಳ ಕೆಳಗೆ. ಆದರೂ ಮದ್ದು ರಕ್ತನಾಳಕ್ಕೆ ಸೇರಿದರೆ ಫಿಟ್ಸ್ ಬರಬಹುದು, ಹೃದಯ ಮುಗ್ಗರಿಸಬಹುದು. ಹಾಗಾಗಿ ಮಾನಿಟರ್ ಮತ್ತು ಆ ವಿಷಪರಿಣಾಮಕ್ಕೆ ಕೊಡುವ ಕೊಬ್ಬಿನ ದ್ರಾವಣ, ಅಂದರೆ ಶೇ. 20ರ ಲಿಪಿಡ್ ಬಾಟಲಿ, ಪಕ್ಕದಲ್ಲಿರಲೇಬೇಕು.

ಬ್ಲಾಕ್ ಬೇಡುವುದು ತಾಳ್ಮೆಯನ್ನು. ಮೊದಲ ಸಲ ಐದೇ ನಿಮಿಷಕ್ಕೆ ಸ್ಟ್ರೆಚರ್‌ಗೆ ಎತ್ತಿಸಿದೆ. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಈಗ ಪಾದದ ಸ್ಪರ್ಶಜ್ಞಾನ ನೋಡಿ ಬರೆದುಕೊಂಡು, ಮನೆಯೊಳಗೇ ಚುಚ್ಚಿ, ಇಪ್ಪತ್ತು ನಿಮಿಷ ಕಾಯುತ್ತೇನೆ. ಕೆಲವರಿಗೆ ಅರ್ಧವೇ ಹಿಡಿಯುತ್ತದೆ. ಆಗ ಚೂರು ಫೆಂಟನಿಲ್ ಸೇರಿಸುತ್ತೇನೆ.

ಮೊಣಕಾಲ ಕೆಳಗೆ ಮುರಿದವರಿಗೆ ಮಾತ್ರ ದಾರಿಯಲ್ಲಿ ಯಾವ ಬ್ಲಾಕನ್ನೂ ಕೊಡುವುದಿಲ್ಲ. ಸ್ನಾಯು ಒಳಗೇ ಬಿಗಿದು ರಕ್ತಸಂಚಾರ ಕುಗ್ಗುತ್ತಿದ್ದರೆ, ಅದನ್ನು ಸಾರುವ ನೋವನ್ನೇ ಮುಚ್ಚಿದಂತಾಗುತ್ತದೆ.

ಮೊನ್ನೆ ಸಂತೆಕಟ್ಟೆಯ ಬಳಿ ಗಾಡಿ ಜೋರಾಗಿ ಕುಲುಕಿತು. ಗಾಬರಿಯಿಂದ ಅಜ್ಜಿಯ ಮುಖ ನೋಡಿದೆ. ಸಂಜೆ ಹಸುವಿನ ಹಾಲು ಕರೆಯುವವರು ಯಾರೆಂದು ಅವರು ಮಗನನ್ನು ವಿಚಾರಿಸುತ್ತಿದ್ದರು.