ಮದುವೆ ವಿಡಿಯೊ, ಕ್ರಯಪತ್ರ ಡಿಸ್ಕಿಗೆ ಹಾಕಿಸುವವರು ದಯವಿಟ್ಟು ಓದಿ

ಸಕಲೇಶಪುರ ಕಡೆಯ ಮನೆಯವರೊಬ್ಬರು ಹಾಸನದ ಒಂದು ಅಂಗಡಿಯಲ್ಲಿ ಮದುವೆ ವಿಡಿಯೊ ಮತ್ತು ತೋಟದ ಹಳೆ ಕ್ರಯಪತ್ರಗಳ ಸ್ಕ್ಯಾನನ್ನು ಡಿವಿಡಿಗೆ ಬರ್ನ್ ಮಾಡಿಸಿದರು. ಅಂಗಡಿಯವರು ಅಲ್ಲೇ ಡಿಸ್ಕ್ ಹಾಕಿ ಫೋಲ್ಡರ್ ತೆರೆದು ತೋರಿಸಿದರು. ಫೈಲ್ ಹೆಸರುಗಳೆಲ್ಲ ಕಂಡವು, ದುಡ್ಡು ಕೊಟ್ಟು ಬಂದರು. ಎರಡು ಮಳೆಗಾಲ ಕಳೆದ ಮೇಲೆ ಹಾಕಿ ನೋಡಿದರೆ ಆರತಕ್ಷತೆ ಸಲೀಸಾಗಿ ಓಡುತ್ತದೆ, ಧಾರೆ ಶುರುವಾಗುತ್ತಿದ್ದ ಹಾಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಕ್ರಯಪತ್ರದ ಡಿಸ್ಕನ್ನಂತೂ ಡ್ರೈವ್ ಗುರುತೇ ಹಿಡಿಯಲಿಲ್ಲ. ಅಷ್ಟರಲ್ಲಿ ಕ್ಯಾಮೆರಾದ ಕಾರ್ಡಿನಲ್ಲಿ ಬೇರೆ ಮದುವೆಗಳು ಸೇರಿಯಾಗಿತ್ತು.

ಧಾರೆಯೇ ಹೋಗಿದ್ದು ಆಕಸ್ಮಿಕವಲ್ಲ. ಡಿಸ್ಕಿನಲ್ಲಿ ಬರವಣಿಗೆ ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ ಸಾಗುತ್ತದೆ. ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಹಾಗಾಗಿ ಧಾರೆ ಬಂದು ಕೂರುವುದು ಹೊರಅಂಚಿನಲ್ಲಿ. ಬರ್ನ್ ವೇಗ ಅತಿ ಹೆಚ್ಚಿರುವುದು ಅಲ್ಲಿ, ಬೆರಳು ತಾಗುವುದು ಅಲ್ಲಿ, ಎರಡು ಪದರ ಅಂಟಿಸಿದ ಸಂದು ತೆರೆದಿರುವುದೂ ಅಲ್ಲೇ. ಅಂಗಡಿಯಲ್ಲಿ ತೋರಿಸಿದ ಫೈಲ್ ಪಟ್ಟಿ ಇರುವುದು ಒಳಸುತ್ತಿನಲ್ಲಿ. ಪಟ್ಟಿ ಕಂಡರೆ ಒಳಸುತ್ತು ಚೆನ್ನಾಗಿದೆ ಎಂದಷ್ಟೇ ಅರ್ಥ. ಇಡೀ ಡಿಸ್ಕನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಸಿ, ಎಲ್ಲೂ ತಡವರಿಸದೆ ಕೊನೆಯವರೆಗೆ ಬಂದರೆ ಮಾತ್ರ ದುಡ್ಡು ಕೊಡಿ. ಹತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ.

ಖಾಲಿ ಡಿಸ್ಕ್ ಕೊಳ್ಳುವಾಗ ಎಲ್ಲರೂ ಕೇಳುವುದು ಪ್ಲಸ್ (DVD+R) ಒಳ್ಳೆಯದೋ ಮೈನಸ್ (DVD-R) ಒಳ್ಳೆಯದೋ ಎಂದು. ಡಿವಿಡಿ ಮೈನಸ್ ಆರ್ ಪಯೋನಿಯರ್ ಕಂಪನಿಯಿಂದ 1997ರಲ್ಲಿ ಬಂತು, ಪ್ಲಸ್ ಆರ್ 2002ರಲ್ಲಿ. ತಾನು ಎಲ್ಲಿ ಬರೆಯುತ್ತಿದ್ದೇನೆ ಎಂದು ಡ್ರೈವ್ ಲೆಕ್ಕ ಇಡುವ ರೀತಿ ಬೇರೆ: ಮೈನಸ್‌ನಲ್ಲಿ ಗೆರೆಗಳ ನಡುವೆ ಮೊದಲೇ ಕೊರೆದ ಗುಳಿಗಳು, ಪ್ಲಸ್‌ನಲ್ಲಿ ಗೆರೆಯ ಅಂಕುಡೊಂಕಿನಲ್ಲೇ ಅಡಗಿದ ವಿಳಾಸ. ಪ್ಲಸ್‌ಗೆ ಒಂದು ಅನುಕೂಲವಿದೆ. ಕೆಲವು ಡ್ರೈವ್‌ಗಳಲ್ಲಿ ಅದನ್ನು ಬರೆಯುವಾಗ 'ಡಿವಿಡಿ ರೋಮ್' (DVD-ROM) ಎಂದು ಗುರುತು ಹಾಕಬಹುದು, ಆಗ ಹಳೆ ಪ್ಲೇಯರ್‌ಗಳೂ ಓದುತ್ತವೆ. ಮೈನಸ್‌ನಲ್ಲಿ ಸುಮಾರು 7 ಎಂಬಿ ಜಾಗ ಹೆಚ್ಚು. ಅಷ್ಟೇ ವ್ಯತ್ಯಾಸ. ಈಗಿನ ಡ್ರೈವ್‌ಗಳು ಎರಡನ್ನೂ ಬರೆಯುತ್ತವೆ, ಓದುತ್ತವೆ. ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಆ ಚಿಹ್ನೆ ತೀರ್ಮಾನಿಸುವುದಿಲ್ಲ.

ತೀರ್ಮಾನಿಸುವುದು ಒಳಗಿನ ಡೈ (ಲೇಸರ್ ಬರೆಯುವ ಬಣ್ಣದ ಪದರ) ಮತ್ತು ಕಾರ್ಖಾನೆ. ಕವರಿನ ಮೇಲೆ ಒಂದು ಹೆಸರಿದ್ದು ತಯಾರಿಸಿದವರು ಬೇರೆಯೇ ಆಗಿರಬಹುದು. ಖಾಲಿ ಡಿಸ್ಕ್ ಹಾಕಿ ಇಮ್ಗ್‌ಬರ್ನ್ (ImgBurn) ಎಂಬ ಬರ್ನ್ ಮಾಡುವ ತಂತ್ರಾಂಶ ತೆರೆದರೆ ಬಲಗಡೆ ತಯಾರಕರ ಸಂಕೇತ ಬರುತ್ತದೆ, ಕವರ್ ಬಿಟ್ಟು ಅದನ್ನು ನಂಬಿ. ಖಾಲಿ ಡಿಸ್ಕೂ ಹಳಸುತ್ತದೆ, 5ರಿಂದ 10 ವರ್ಷ ಎಂದು ಹಿಡಿಯಬೇಕು. ನಮ್ಮ ದೇಶದ ದೊಡ್ಡ ತಯಾರಕರಾಗಿದ್ದ ಮೋಸರ್ ಬೇರ್ 2018ರಲ್ಲಿ ಲಿಕ್ವಿಡೇಶನ್‌ಗೆ ಹೋಯಿತು. ಆದ್ದರಿಂದ ಅಂಗಡಿಯ ಮೂಲೆಯಲ್ಲಿರುವ ಖಾಲಿ ಡಿಸ್ಕ್‌ಗಳ ಸ್ಪಿಂಡಲ್ ಯಾವ ವರ್ಷದ ಸರಕು ಎಂದು ಕೇಳಿಯೇ ತೆಗೆದುಕೊಳ್ಳಿ.

ಆ ಕ್ರಯಪತ್ರದ ಡಿಸ್ಕ್ ಆರ್‌ಡಬ್ಲ್ಯೂ ಆಗಿತ್ತು. ಅಳಿಸಿ ಸುಮಾರು ಸಾವಿರ ಸಲ ಬರೆಯಬಹುದು ಎಂದು ಹೇಳಿ ಕೊಡುತ್ತಾರೆ. ಅದರಲ್ಲಿ ಡೈ ಬದಲು ಲೇಸರ್ ಕಾವಿಗೆ ಸ್ಥಿತಿ ಬದಲಿಸುವ ಮಿಶ್ರಲೋಹದ ಪದರವಿದೆ. ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆ ಡ್ರೈವ್ ಅದನ್ನು ಕಾಣುವುದೇ ಇಲ್ಲ. ಜೊತೆಗೆ ಯಾರಾದರೂ ಗೊತ್ತಿಲ್ಲದೆ ಅಳಿಸಿಬಿಡಬಹುದು. ಮನೆಯ ಕಾಗದಪತ್ರವನ್ನು ಆರ್‌ಡಬ್ಲ್ಯೂಗೆ ಹಾಕಲೇಬೇಡಿ. ಹಾಗೆಯೇ ವಿಂಡೋಸ್‌ನಲ್ಲಿ 'ಪೆನ್‌ಡ್ರೈವ್ ಥರ' ಎಂಬ ಆಯ್ಕೆಯಲ್ಲಿ ಬರೆದು ಸೆಷನ್ ಮುಚ್ಚದೆ (ಬರವಣಿಗೆ ಮುಗಿಯಿತೆಂದು ಡಿಸ್ಕಿನಲ್ಲಿ ದಾಖಲಿಸದೆ) ತೆಗೆದ ಡಿಸ್ಕ್ ಟಿವಿ ಪ್ಲೇಯರಿನಲ್ಲಿ ಓಡುವುದಿಲ್ಲ. 'ಸಿಡಿ, ಡಿವಿಡಿ ಪ್ಲೇಯರಿಗೆ' ಎಂಬ ಆಯ್ಕೆಯನ್ನೇ ಒತ್ತಿ.

ಬರೆಸುವಾಗ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ: 16 ಪಟ್ಟು (16x) ವೇಗದ ಡಿಸ್ಕಿಗೆ 8 ಪಟ್ಟು ಸಾಕು. ತೀರಾ ನಿಧಾನವೂ ಬೇಡ, ಈಗಿನ ಡೈ 1 ಅಥವಾ 2 ಪಟ್ಟು ವೇಗಕ್ಕೆ ಹೊಂದುವುದಿಲ್ಲ. ಬರೆದ ಮೇಲೆ ಓದಿ ತಾಳೆ ನೋಡುವ ವೆರಿಫೈ ಆಯ್ಕೆಗೆ ಟಿಕ್ ಹಾಕಿರಲೇಬೇಕು. ಕವರಿನ ಮೇಲೆ 4.7 ಜಿಬಿ ಎಂದಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು 4.38. ತುದಿಯವರೆಗೆ ತುಂಬಿಸಬೇಡಿ, 3.5ಕ್ಕೆ ನಿಲ್ಲಿಸಿ. ಉಳಿದ ಜಾಗದಲ್ಲಿ ಡಿವಿಡಿಸಾಸ್ಟರ್ ಎಂಬ ಉಚಿತ ತಂತ್ರಾಂಶ ದೋಷ ತಿದ್ದುವ ಮಾಹಿತಿ ಸೇರಿಸುತ್ತದೆ, ಮುಂದೆ ಕೆಲವು ಸುತ್ತು ಕೆಟ್ಟರೂ ಫೈಲ್ ಮರಳಿ ಬರುತ್ತದೆ. ವಧೂವರರ ಫೋಟೊ ಇರುವ ಅಂಟು ಲೇಬಲ್ ಬೇಡವೇ ಬೇಡ. ತೇವಕ್ಕೆ ಕಾಗದ ಒಂದು ಕಡೆ ಉಬ್ಬಿದರೆ ತಿರುಗುವಾಗ ಡಿಸ್ಕ್ ತೂಕ ತಪ್ಪಿ ಅದುರುತ್ತದೆ. ನೀರಿನ ಇಂಕಿನ ಮಾರ್ಕರಿನಲ್ಲಿ ನಡುವಿನ ಪಾರದರ್ಶಕ ಬಳೆಯ ಮೇಲೆ ಹೆಸರು ಬರೆದರೆ ಸಾಕು.

ಇನ್ನು ಮಲೆನಾಡಿನ ತೇವ. ಡಿಸ್ಕಿಗೆ ಹಿತವಾದ ತೇವಾಂಶ ಶೇಕಡಾ 20ರಿಂದ 50. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಆ ಮಟ್ಟಕ್ಕೆ ಇಳಿಯುವುದೇ ಇಲ್ಲ. ಬೂಷ್ಟು ಸಿಡಿಯ ಪದರವನ್ನು ತಿಂದುಹಾಕಿದ್ದು 2001ರಲ್ಲಿ ಬೆಲೀಜ್ ದೇಶದಿಂದ ಬಂದ ಡಿಸ್ಕಿನಲ್ಲಿ ದಾಖಲಾಗಿದೆ. ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬಿನಲ್ಲಿ ಇಟ್ಟರೆ ತೇವಕ್ಕೆ ಮೈಗೆ ಅಂಟಿಕೊಂಡು ಮಸುಕು ಕಲೆ ಬೀಳುತ್ತದೆ. ಬೆಚ್ಚಗಿರಲಿ ಎಂದು ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಕಾವಿಗೆ ಡೈ ಕೆಡುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದ ಕೂಡಲೇ ಬದಲಿಸಿ.

ಹೆಚ್ಚು ವರ್ಷಕ್ಕೆ ಬೇಕೆಂದರೆ 25 ಜಿಬಿಯ ಬ್ಲೂರೇ ಆರ್ ನೋಡಿ. ಅದರಲ್ಲಿ 'ಎಲ್‌ಟಿಎಚ್' ಎಂದು ಬರೆದದ್ದು ಬೇಡ, ಅದರೊಳಗೂ ಡೈಯೇ ಇದೆ. ಉಳಿದವುಗಳ ಪದರ ನಿರವಯವ (ಇನಾರ್ಗ್ಯಾನಿಕ್), ಬೆಳಕಿಗೆ ಸುಲಭವಾಗಿ ಮಸುಕಾಗುವುದಿಲ್ಲ. ಬರೆಯಲು ಬ್ಲೂರೇ ರೈಟರ್ರೇ ಬೇಕು. ಯಾವುದನ್ನು ಆರಿಸಿದರೂ ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಇರಲಿ, ಅದೂ ಬೇರೆ ಮನೆಯಲ್ಲಿ.

ಈಗಾಗಲೇ ಡಿಸ್ಕ್ ತಡವರಿಸುತ್ತಿದ್ದರೆ ಮತ್ತೆ ಮತ್ತೆ ಪ್ಲೇ ಮಾಡಬೇಡಿ. ಮೆತ್ತನೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ, ಥಿನ್ನರ್ ಹತ್ತಿರ ತರಬೇಡಿ. ಸಾಧ್ಯವಾದರೆ ಬರೆದ ಡ್ರೈವಿನಲ್ಲೇ ಓದಿಸಿ. ಲಿನಕ್ಸ್ ಬಲ್ಲವರಿದ್ದರೆ ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯುವ ಡಿಡಿರೆಸ್ಕ್ಯೂ (ddrescue) ತಂತ್ರಾಂಶವನ್ನು 2048 ಬೈಟಿನ ಬ್ಲಾಕಿನಲ್ಲಿ, ಮ್ಯಾಪ್ ಫೈಲ್ ಇಟ್ಟು ಓಡಿಸಲು ಹೇಳಿ. ಓದಲಾಗದ ಭಾಗ ಆ ಫೈಲಿನಲ್ಲಿ ಗುರುತಾಗಿರುತ್ತದೆ. ಅದೇ ಫೈಲ್ ಇಟ್ಟುಕೊಂಡು ಡಿಸ್ಕನ್ನು ಇನ್ನೊಂದು ಕಂಪನಿಯ ಡ್ರೈವಿಗೆ ಹಾಕಿದರೆ ಉಳಿದ ಭಾಗವನ್ನಷ್ಟೇ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಬಿಟ್ಟ ಜಾಗವನ್ನು ಇನ್ನೊಂದು ಓದುವುದು ಸಾಮಾನ್ಯ, ಆದ್ದರಿಂದ ಒಂದರಲ್ಲಿ ಆಗಲಿಲ್ಲ ಎಂದು ಡಿಸ್ಕನ್ನು ಎಸೆಯಬೇಡಿ.