ಟೈಮಿಂಗ್ ಬೆಲ್ಟ್ ಹಾಕಿಸುವವರು ಕೆಳಗಿನ ಗುರುತೊಂದನ್ನೇ ನೋಡಿ ಒಪ್ಪಿಕೊಳ್ಳಬೇಡಿ

ತುಮಕೂರಿನ ಒಂದು ಗ್ಯಾರೇಜಿನಲ್ಲಿ ನನ್ನ 2009ರ ಸ್ಯಾಂಟ್ರೊ ಝಿಂಗ್ ಕಾರಿಗೆ ಟೈಮಿಂಗ್ ಬೆಲ್ಟ್ ಬದಲಿಸಲು ಹೋಗಿ ನಾನು ಮೋಸಹೋದೆ. ಟೈಮಿಂಗ್ ಬೆಲ್ಟ್ ಎಂದರೆ ಎಂಜಿನ್ನಿನ ಕೆಳಗಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಮೇಲಿನ ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಎರಡನ್ನೂ ಹೊಂದಿಸಿ ತಿರುಗಿಸುವ ಹಲ್ಲಿನ ಬೆಲ್ಟ್. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಬೆಲ್ಟನ್ನೂ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗನ್ನೂ ನಾನೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಿಲ್ ಸಮೇತ ತಂದುಕೊಟ್ಟಿದ್ದೆ. ಕೂಲಿ 2,500 ರೂಪಾಯಿ ಎಂದು ಮಾತಾಗಿತ್ತು. ಸಂಜೆ ಹೋದಾಗ ಕ್ಯಾಮ್ ಕಡೆಯ ಮೇಲಿನ ಕವರನ್ನು ಆಗಲೇ ಮುಚ್ಚಿಬಿಟ್ಟಿದ್ದರು. ಮೆಕ್ಯಾನಿಕ್ ಮೊಬೈಲಿನ ಬೆಳಕು ಹಿಡಿದು ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಗುರುತನ್ನು ತೋರಿಸಿ, "ನೋಡಿ ಸಾರ್, ಮಾರ್ಕ್ ಕರೆಕ್ಟಾಗಿ ಕೂತಿದೆ" ಎಂದ. ನಾನು ಬಗ್ಗಿ ನೋಡಿ ತಲೆಯಾಡಿಸಿದೆ. ಕೆಲಸದ ಹುಡುಗನ ಕೈಗೆ ನೂರು ರೂಪಾಯಿಯನ್ನೂ ಇಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏಕೆಂದರೆ ಆ ಗುರುತು ಏನನ್ನೂ ಸಾಬೀತು ಮಾಡುವುದಿಲ್ಲ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಹಾಗಾಗಿ ಮೇಲೆ ಕ್ಯಾಮ್ ಎಲ್ಲೇ ಇರಲಿ, ಕೆಳಗಿನ ಗುರುತು ಪ್ರತಿ ಸುತ್ತಿಗೂ ತನ್ನ ಜಾಗಕ್ಕೆ ಬಂದೇ ಬರುತ್ತದೆ. ನೋಡಬೇಕಾದದ್ದು ಮೇಲಿನ ಕ್ಯಾಮ್ ಗುರುತು, ಕೆಳಗಿನ ಕ್ರ್ಯಾಂಕ್ ಗುರುತು ಎರಡೂ ಒಟ್ಟಿಗೆ ಕೂತಿವೆಯೇ ಎಂಬುದನ್ನು. ಆತ ನನಗೆ ತೋರಿಸಿದ್ದು ಒಂದನ್ನು ಮಾತ್ರ, ಅದೂ ಇನ್ನೊಂದನ್ನು ಮುಚ್ಚಿದ ಮೇಲೆ.

ಮರುದಿನದಿಂದಲೇ ನಿಂತಲ್ಲಿ ಎಂಜಿನ್ ನಡುಗತೊಡಗಿತು. ದೇವರಾಯನದುರ್ಗದ ಏರಿನಲ್ಲಿ ಎರಡನೆಯ ಗೇರಿನಲ್ಲೂ ಗಾಡಿ ಎಳೆಯಲಿಲ್ಲ. ಹಿಂದಿನ ಸೀಟಿನಲ್ಲಿ ವಯಸ್ಸಾದ ನನ್ನ ತಾಯಿ ಕುಳಿತಿದ್ದರು. ಫೋನ್ ಮಾಡಿದರೆ, "ಹೊಸ ಬೆಲ್ಟು ಸಾರ್, ಐನೂರು ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ" ಎಂಬ ಉತ್ತರ ಬಂತು. ಟೈಮಿಂಗ್ ಬೆಲ್ಟ್ ಓಡಿ ಓಡಿ ಸೆಟ್ ಆಗುವ ವಸ್ತುವಲ್ಲ. ಹಲ್ಲು ಸರಿಯಾಗಿ ಕೂತಿದ್ದರೆ ಮೊದಲ ದಿನವೇ ಸರಿ, ತಪ್ಪಿದ್ದರೆ ಎಷ್ಟು ಓಡಿಸಿದರೂ ತಪ್ಪೇ. ಎರಡನೆಯ ಸಲ ಹೋದಾಗ ಪೆಟ್ರೋಲ್ ಕಲಬೆರಕೆ ಎಂದರು. ಮೂರನೆಯ ಸಲ ಪ್ಲಗ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು 1,400 ರೂಪಾಯಿ ತೆಗೆದುಕೊಂಡರು. ಮೇಲಿನ ಕವರನ್ನು ಒಮ್ಮೆಯೂ ಬಿಚ್ಚಲಿಲ್ಲ. ನಾನೇ ಕೇಳಿದಾಗಲೂ ಬಿಚ್ಚಲಿಲ್ಲ.

ಕೊನೆಗೆ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಕವರ್ ಬಿಚ್ಚಿ, ಕೆಳಗಿನ ಗುರುತನ್ನು ಕೂಡಿಸಿ, ಮೇಲೆ ಬೆರಳಿಟ್ಟು ತೋರಿಸಿದರು: ಕ್ಯಾಮ್ ಒಂದು ಹಲ್ಲು ಹಿಂದಿತ್ತು. ಟೆನ್ಷನರ್ ಇಲ್ಲದ ಕಡೆ ಬೆಲ್ಟ್ ಬಿಗಿಯಾಗಿರಬೇಕು; ಅಲ್ಲಿ ಸಡಿಲ ಉಳಿಸಿ ಟೆನ್ಷನರನ್ನು ಬೆಲ್ಟಿಗೆ ಒತ್ತಲು ಬಿಟ್ಟರೆ ಬೆಲ್ಟ್ ಎಳೆದುಕೊಂಡು ಗುರುತು ಜಾರುತ್ತದೆ ಎಂದು ವಿವರಿಸಿದರು. ಕವರ್ ಮುಚ್ಚುವ ಮೊದಲು ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿದ್ದರೆ ಇದು ಅಲ್ಲೇ ಸಿಕ್ಕಿಬೀಳುತ್ತಿತ್ತು. ಮೊದಲ ಗ್ಯಾರೇಜಿನವರು ಹಾಗೆ ಮಾಡದೆ ನೇರವಾಗಿ ಸೆಲ್ಫ್ ಹೊಡೆದಿದ್ದರು. ಇನ್ನೆರಡು ಹಲ್ಲು ತಪ್ಪಿದ್ದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಬಾಗುವ ಅಪಾಯವಿತ್ತು. ನನ್ನ ಪುಣ್ಯಕ್ಕೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರ್‌ಗಳು ಸರಿಯಿದ್ದವು. ಅವರು ಬೆಲ್ಟನ್ನು ಸರಿಯಾಗಿ ಕೂರಿಸಿದ ಮೇಲೆ ನಡುಕ ನಿಂತಿತು.

ಫೋಟೊ ಕಳುಹಿಸಿ ಹಣ ಕೇಳಿದಾಗ ಮೊದಲ ಗ್ಯಾರೇಜಿನವನು ಹೇಳಿದ್ದು: "ಒಂದು ಹಲ್ಲು ತಾನೇ ಸಾರ್, ಗಾಡಿ ಓಡ್ತಿತ್ತಲ್ಲ." ಮತ್ತೆ ಕೇಳಿದ್ದಕ್ಕೆ, "ನೀವು ತಂದ ಬೆಲ್ಟೇ ಸರಿಯಿಲ್ಲ" ಎಂದ. ಅದೇ ಬೆಲ್ಟ್ ಈಗ ಅದೇ ಎಂಜಿನ್ನಿನಲ್ಲಿ ಓಡುತ್ತಿದೆ.

ದಯವಿಟ್ಟು ಕವರ್ ಮುಚ್ಚುವ ಮೊದಲೇ ಹೋಗಿ ನಿಲ್ಲಿ. ನಿಮ್ಮ ಕಣ್ಣೆದುರೇ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಮೇಲಿನ ಗುರುತು, ಕೆಳಗಿನ ಗುರುತು ಎರಡನ್ನೂ ತೋರಿಸಲಿ. ಒಪ್ಪದಿದ್ದರೆ ಗಾಡಿಯನ್ನು ಅಲ್ಲಿ ಬಿಡಬೇಡಿ. ರಸೀದಿಯಲ್ಲಿ ಟೈಮಿಂಗ್ ಬೆಲ್ಟ್ ಎಂದೇ ಬರೆಸಿಕೊಳ್ಳಿ. ನನ್ನ ಎರಡೂ ರಸೀದಿಗಳಲ್ಲಿ "ಜನರಲ್ ವರ್ಕ್" ಎಂದಷ್ಟೇ ಇದೆ, ಅದನ್ನು ನಾನು ಓದಿ ನೋಡಿದ್ದು ಜಗಳವಾದ ಮೇಲೆ.