3.2 ಕರೆರಾ, 964, 993: ಓಡಿಸಿ ನೋಡಿದ ಮೇಲೆ ನನ್ನ ಲೆಕ್ಕ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕಾರಿನ ಹುಚ್ಚು ಹಿಡಿದ ಕನ್ನಡಿಗರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಹಳೇ ಪೋರ್ಷೆ 911ಕ್ಕೇ ಬಂದು ನಿಲ್ಲುತ್ತದೆ. ಅದರಲ್ಲೂ ಏರ್‌ಕೂಲ್ಡ್ 911. ರೇಡಿಯೇಟರ್ ಇಲ್ಲ, ನೀರಿಲ್ಲ. ಹಿಂದೆ ಕೂತ ಆರು ಸಿಲಿಂಡರಿನ ಇಂಜಿನ್ನಿಗೆ ಬೆಲ್ಟಿನಲ್ಲಿ ತಿರುಗುವ ದೊಡ್ಡ ಫ್ಯಾನ್ ಗಾಳಿ ಊದುತ್ತದೆ. ಉಳಿದ ಬಿಸಿಯನ್ನು ಹತ್ತು ಹನ್ನೆರಡು ಲೀಟರ್ ಆಯಿಲ್ ಹೊತ್ತುಕೊಂಡು ಹೋಗುತ್ತದೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಕಾರಿನ ಈ ಏರ್ಪಾಡು 1998ರಲ್ಲಿ 993 ಜೊತೆ ಮುಗಿಯಿತು (964, 993, 996 ಇವೆಲ್ಲ ಬೇರೆ ಬೇರೆ ಕಾಲದ 911ಗಳಿಗೆ ಕಂಪನಿ ಇಟ್ಟ ಸಂಖ್ಯೆ). ಆಮೇಲಿನ 996ಕ್ಕೆ ನೀರು ಬಂತು. ಶಬ್ದದ ನಿಯಮ, ಹೊಗೆಯ ನಿಯಮ ಎರಡೂ ಬಿಗಿಯಾಗುತ್ತಿದ್ದವು. ಸಿಲಿಂಡರಿಗೆ ನಾಲ್ಕು ವಾಲ್ವ್ ಬೇಕಾಗಿತ್ತು. ಬರೀ ಗಾಳಿ ನೆಚ್ಚಿಕೊಂಡು ಅದೆಲ್ಲ ಮಾಡುವುದು ಕಷ್ಟವಿತ್ತು.

ಇನ್ನು ಹೊಸದು ಹುಟ್ಟುವುದಿಲ್ಲ, ಇರುವುದು ಇಷ್ಟೇ ಅಂತ ಗೊತ್ತಾದ ಮೇಲೆ ಬೆಲೆ ಏನಾಗುತ್ತೆ ಹೇಳಿ. 1984ರಲ್ಲಿ ಅಮೆರಿಕದಲ್ಲಿ ಹೊಸ 911 ಕರೆರಾ ಕೂಪೆಗೆ (ಗಟ್ಟಿ ಮೇಲ್ಛಾವಣಿಯ ಎರಡು ಬಾಗಿಲಿನದು) ಸುಮಾರು 32 ಸಾವಿರ ಡಾಲರ್ ಇತ್ತು. ನಡುವೆ ಎಷ್ಟೋ ವರ್ಷ ಅದು ಸುಮ್ನೆ ಇನ್ನೊಂದು ಹಳೇ ಕಾರು, ಹೊಸದರ ಬೆಲೆಗಿಂತ ಎಷ್ಟೋ ಕಮ್ಮಿಗೆ ಸಿಗುತ್ತಿತ್ತು. ಕಳೆದ ಹತ್ತು ಹದಿನೈದು ವರ್ಷದಲ್ಲಿ ಲೆಕ್ಕ ಬದಲಾಯಿತು. ಹುಡುಗರಾಗಿದ್ದಾಗ ಗೋಡೆಗೆ 911 ಪೋಸ್ಟರ್ ಅಂಟಿಸಿಕೊಂಡವರ ಕೈಯಲ್ಲಿ ಈಗ ದುಡ್ಡು ಓಡಾಡುತ್ತಿದೆ. ಆನ್‌ಲೈನ್ ಹರಾಜಿನಲ್ಲಿ ಊರೂರಿನವರು ಒಂದೇ ಕಾರಿಗೆ ಕೂಗುತ್ತಾರೆ. 2018ರಲ್ಲಿ ಪೋರ್ಷೆಯವರೇ ಉಳಿದಿದ್ದ ಒಂದು 993 ಬಾಡಿಯ ಮೇಲೆ ಹೊಸದಾಗಿ ಟರ್ಬೊ ಕಟ್ಟಿ ಅಟ್ಲಾಂಟಾದಲ್ಲಿ ಹರಾಜಿಗಿಟ್ಟರು. 30 ಲಕ್ಷ ಡಾಲರ್ ದಾಟಿತು. ದುಡ್ಡು ದಾನಕ್ಕೆ ಹೋಯಿತು ಅನ್ನಿ. ಆದರೆ ರಸ್ತೆಗೆ ಇಳಿಸುವ ಹಾಗೂ ಇಲ್ಲದ ಕಾರಿಗೆ ಅಷ್ಟು ಬಂತು.

ನಾನು ಕೊಳ್ಳಲು ಹುಡುಕಿದ್ದು ಓಡಿಸುವ ಕಾರು. ಭಾನುವಾರ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವಷ್ಟು. ಹೋಲಿಸಿದ್ದು ನಾಲ್ಕನ್ನು: 1986ರ 3.2 ಕರೆರಾ (3.2 ಲೀಟರ್ ಇಂಜಿನ್ನಿನ 911), 1988ರ 3.2 ಕರೆರಾ, 1990ರ 964 ಕರೆರಾ 2 (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವುದು), ಮತ್ತೆ ಗೆಳೆಯನ ಹತ್ತಿರ ಇರುವ 1996ರ 993. ಎಲ್ಲವೂ ಕೂಪೆ, ಎಲ್ಲವೂ ಮ್ಯಾನುಯಲ್. ದಾರಿ ಒಂದೇ: ವುಡ್‌ಸೈಡ್‌ನಿಂದ 84ನೇ ಹೈವೇಯಲ್ಲಿ ತಿರುವು ಹತ್ತಿ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆ ಮುಟ್ಟುವುದು, ಆಚೆ ಲಾ ಹೋಂಡಾ ಕಡೆ ಇಳಿಯುವುದು, ಅದೇ ದಾರಿಯಲ್ಲಿ ಮರಳುವುದು.

ಮೊದಲು ಎರಡು 3.2ಗಳ ವಿಷಯ. ನಿಜವಾದ ಪೈಪೋಟಿ ಇರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಈ ಕಾರು ಹುಟ್ಟಿದ್ದೇ ಒಂದು ಪುಣ್ಯ. 911 ನಿಲ್ಲಿಸಿ ಅದರ ಜಾಗಕ್ಕೆ 928 ಅನ್ನುವ ಬೇರೆ ಮಾಡೆಲ್ ತರುವುದು ಕಂಪನಿಯ ಯೋಜನೆಯಾಗಿತ್ತು. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಸ್ ಅದನ್ನು ತಡೆದರು. ಗೋಡೆಯ ಚಾರ್ಟಿನಲ್ಲಿ 911ರ ಗೆರೆ ನಿಂತಲ್ಲಿಂದ ಪೆನ್ನು ಹಿಡಿದು ಹಾಗೇ ಚಾರ್ಟಿನ ಆಚೆಗೂ ಎಳೆದುಬಿಟ್ಟರು ಅಂತ ಅವರೇ ಹೇಳಿಕೊಳ್ಳುತ್ತಿದ್ದ ಕಥೆ ಇದೆ. 3.2 ಕರೆರಾ 1984ರಿಂದ 1989ರವರೆಗೆ ಬಂತು, ಒಟ್ಟು 76 ಸಾವಿರ ಚಿಲ್ಲರೆ. ಅಂದರೆ ಇದು ಅಪರೂಪದ ಕಾರೇ ಅಲ್ಲ. ಬೆಲೆ ಏರಿದ್ದು ಬೇಡಿಕೆಯಿಂದ.

1986ರವರೆಗಿನದಕ್ಕೆ 915 ಅನ್ನುವ ಗೇರ್‌ಬಾಕ್ಸ್. 1987ರಿಂದ ಗೆಟ್ರಾಗ್‌ನವರು ಮಾಡಿಕೊಟ್ಟ ಜಿ50. ಅಮೆರಿಕದ ಕಾರುಗಳಲ್ಲಿ ಅದೇ ವರ್ಷ ಇಂಜಿನ್ 207ರಿಂದ 217 ಹಾರ್ಸ್‌ಪವರಿಗೆ ಏರಿತು. ಬಾಡಿ, ಸೀಟು, ಬ್ರೇಕು, ಸದ್ದು ಹೆಚ್ಚು ಕಮ್ಮಿ ಒಂದೇ. ಆದರೆ ಜಾಹೀರಾತಿನಲ್ಲಿ ಜಿ50 ಅಂತ ಬಿದ್ದರೆ ಸಾಕು, ಬೆಲೆ ಜಿಗಿಯುತ್ತದೆ. ನನಗೆ ಹೇಳಿದ ಬೆಲೆಯನ್ನೇ ನೋಡಿ: 86ಕ್ಕೆ 62 ಸಾವಿರ ಡಾಲರ್, 88ಕ್ಕೆ 85 ಸಾವಿರ. ಎರಡೂ ಹೆಚ್ಚು ಕಮ್ಮಿ ಒಂದೇ ಸ್ಥಿತಿಯವು, 88ರದು ಸ್ವಲ್ಪ ಕಮ್ಮಿ ಓಡಿತ್ತು.

88 ಓಡಿಸುವುದು ಸಲೀಸು. ಕ್ಲಚ್ ಹೈಡ್ರಾಲಿಕ್, ಕಾಲಿಗೆ ಹಗುರ. ಲಿವರ್ ಹೋಗಬೇಕಾದ ಜಾಗಕ್ಕೆ ನೇರ ಹೋಗುತ್ತದೆ. ರಿವರ್ಸ್ ಎಡತುದಿಯಲ್ಲಿ ಮುಂದಕ್ಕೆ. ಐದು ನಿಮಿಷದಲ್ಲಿ ಗೇರಿನ ವಿಷಯ ಮರೆತೇ ಹೋಯಿತು. ಅದೇ ಅದರ ಗುಣ, ನನಗೆ ಅದೇ ಚೂರು ಕೊರತೆಯೂ ಅನ್ನಿಸಿತು.

86ರದು ಹಾಗಲ್ಲ. ಕ್ಲಚ್ಚಿಗೆ ಕೇಬಲ್, ಎಡಗಾಲಿಗೆ ಕೆಲಸ. ಪೆಡಲುಗಳು ನೆಲದಿಂದ ಎದ್ದು ಬಂದಿರುತ್ತವೆ, ಹಿಮ್ಮಡಿ ಊರಿ ಪಾದ ಬಗ್ಗಿಸಬೇಕು. ಬೆಳಿಗ್ಗೆ ತಣ್ಣಗಿರುವಾಗ ಎರಡನೇ ಗೇರು ಒಲ್ಲೆ ಅನ್ನುತ್ತದೆ. ದೂಡಿದರೆ ಕರ್ರ್ ಅನ್ನುತ್ತದೆ. ಕಾರಿನ ಮಾಲೀಕರು ಪಕ್ಕದಲ್ಲೇ ಕೂತಿದ್ದರು, ಎಪ್ಪತ್ತು ದಾಟಿದ ಅಜ್ಜ. ನನ್ನ ಕೈ ಹಿಡಿದು ತೋರಿಸಿಕೊಟ್ಟರು. ಒಂದರಿಂದ ಲಿವರ್ ಎಳೆದು ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿಸು. ಬರೀ ಎರಡು ಬೆರಳು ಸಾಕು. ಒತ್ತಡ ಹಾಕಿ ಕಾಯಿ, ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಉಂಗುರ) ತನ್ನ ಕೆಲಸ ಮುಗಿಸಿದ ಮೇಲೆ ಲಿವರ್ ತಾನೇ ಒಳಗೆ ಜಾರುತ್ತದೆ. ಹಳೇ ಮನೆಯ ಬೀಗದ ಹಾಗೆ, ಬಲಕ್ಕೆ ಬಗ್ಗದು, ಹದಕ್ಕೆ ಬಗ್ಗುತ್ತದೆ. ಸ್ಕೈಲೈನ್ ಮುಟ್ಟುವ ಹೊತ್ತಿಗೆ ಗೇರ್ ಆಯಿಲ್ ಬಿಸಿಯಾಗಿತ್ತು. ಮೂರರಿಂದ ಎರಡಕ್ಕೆ ಇಳಿಸುವಾಗ ಆಕ್ಸಿಲರೇಟರ್ ಚೂರು ತಟ್ಟಿದೆ, ಸದ್ದಿಲ್ಲದೆ ಬಿತ್ತು. ಅದು ಕೊಟ್ಟ ಖುಷಿ 88 ಕೊಡಲಿಲ್ಲ.

915 ಕೆಟ್ಟದು ಅನ್ನುವ ಹೆಸರು ಅರ್ಧಕ್ಕರ್ಧ ಬೇರೆ ಕಾರಣಕ್ಕೆ ಬಂದದ್ದು ಅನ್ನುತ್ತಾರೆ ಹಳೇ ಮೆಕ್ಯಾನಿಕ್‌ಗಳು. ಲಿವರಿನಿಂದ ಹಿಂದಿನ ಗೇರ್‌ಬಾಕ್ಸ್‌ವರೆಗೆ ಉದ್ದದ ರಾಡ್ ಇದೆ, ಅದರ ಪ್ಲಾಸ್ಟಿಕ್ ಬುಶ್‌ಗಳು ಸವೆದಿರುತ್ತವೆ. ಕ್ಲಚ್ ಕೇಬಲ್ ಸರಿಯಾಗಿ ಅಡ್ಜಸ್ಟ್ ಆಗಿರುವುದಿಲ್ಲ. ಇವೆರಡು ಸರಿ ಮಾಡಿದರೆ ಎಷ್ಟೋ ಗೇರ್‌ಬಾಕ್ಸ್ ದಾರಿಗೆ ಬರುತ್ತವೆ. ಸಿಂಕ್ರೊ ನಿಜಕ್ಕೂ ಸವೆದಿದ್ದರೆ ಬಿಚ್ಚಿ ಕಟ್ಟಬೇಕು. ನನಗೆ ಒಬ್ಬರು ಕೊಟ್ಟ ಅಂದಾಜು 7 ಸಾವಿರ ಡಾಲರ್. 62ಕ್ಕೆ 7 ಸೇರಿಸಿ. ಇನ್ನೂ 16 ಸಾವಿರ ಜೇಬಿನಲ್ಲೇ ಉಳಿಯಿತು, ಅಲ್ವಾ? ಜಿ50ಗೆ ಜನ ಕೊಡುತ್ತಿರುವುದು ಗೇರ್‌ಬಾಕ್ಸಿನ ಬೆಲೆಗಿಂತ 915ರ ಭಯ ತಪ್ಪಿಸಿಕೊಳ್ಳುವ ಬೆಲೆ.

ಹಾಗಂತ ದಿನಾ 880 ಹೈವೇಯ ಟ್ರಾಫಿಕ್‌ನಲ್ಲಿ ಆಫೀಸಿಗೆ ಹೋಗುವವರು 915ರ ಗೋಜಿಗೆ ಹೋಗಬೇಡಿ. ಅಂಥವರಿಗೆ ಜಿ50 ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ.

ಎರಡಕ್ಕೂ ಒಂದೇ ಆದ ಕೆಲವು ಸಂಗತಿ. ಪವರ್ ಸ್ಟೇರಿಂಗ್ ಇಲ್ಲ. ನಿಂತಲ್ಲಿ ತಿರುಗಿಸಲು ತೋಳಿಗೆ ಶಕ್ತಿ ಬೇಕು, ಓಡುವಾಗ ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಗೊತ್ತಾಗುತ್ತದೆ. ಕೀಲಿ ಎಡಗಡೆ. ಹೀಟರ್ ಸ್ವಿಚ್ಚುಗಳನ್ನು ಯಾರೋ ಕಣ್ಣು ಮುಚ್ಚಿ ಎರಚಿದ ಹಾಗಿದೆ. ಎಕ್ಸಾಸ್ಟ್ ಸುತ್ತ ಹಾದು ಬರುವ ಗಾಳಿಯೇ ಹೀಟರ್, ಆದ್ದರಿಂದ ಎಲ್ಲೋ ಆಯಿಲ್ ಜಿನುಗಿದರೆ ವಾಸನೆ ನೇರ ಒಳಗೆ. ಆಯಿಲ್ ಮಟ್ಟ ನೋಡುವುದು ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಸಮ ನೆಲದಲ್ಲಿ, ಇಂಜಿನ್ ಓಡುತ್ತಿರುವಾಗಲೇ. ಇದು ಗೊತ್ತಿಲ್ಲದೆ ತಣ್ಣಗಿರುವಾಗ ನೋಡಿ, ಕಮ್ಮಿ ಇದೆ ಅಂದುಕೊಂಡು ಜಾಸ್ತಿ ಸುರಿಯುವವರು ಇದ್ದಾರೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಬದಿ ಹೊರಗೆ ಎಳೆಯುತ್ತದೆ. ಭಾರವೆಲ್ಲ ಹಿಂದೆ ಇದೆಯಲ್ಲ. ಮಳೆಯಲ್ಲಂತೂ ಇನ್ನೂ ಹುಷಾರಾಗಿರಬೇಕು.

964ಕ್ಕೆ ಬರೋಣ. ಹೊರಗಿನ ನೋಟ ಹಳೆಯದು, ಒಳಗೆ ಬಹುಪಾಲು ಹೊಸದು. 3.6 ಲೀಟರ್ ಇಂಜಿನ್, 247 ಹಾರ್ಸ್‌ಪವರ್, ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ಎಬಿಎಸ್, ಪವರ್ ಸ್ಟೇರಿಂಗ್ ಬಂದವು. ವೇಗ ಹೆಚ್ಚಿದಾಗ ಹಿಂದಿನ ಸ್ಪಾಯ್ಲರ್ ತಾನೇ ಏಳುತ್ತದೆ. ಲಾ ಹೋಂಡಾ ಇಳಿಜಾರಿನಲ್ಲಿ ಅತಿ ಹೆಚ್ಚು ಧೈರ್ಯ ಕೊಟ್ಟ ಕಾರು ಇದೇ. ಬ್ರೇಕ್ ಗಟ್ಟಿಯಾಗಿ ಒತ್ತಿ ತಿರುವಿಗೆ ಹಾಕಿದರೂ ಹಿಂಬದಿ ಶಾಂತ. ಸ್ಟೇರಿಂಗ್ ಹಗುರವಾದರೂ ಮಾತಾಡುತ್ತದೆ. ಓಡಿಸುವುದಷ್ಟೇ ಲೆಕ್ಕವಾದರೆ ಮೊದಲ ಸ್ಥಾನ ಇದಕ್ಕೇ.

ಆದರೆ ಬೆಲೆ 1 ಲಕ್ಷ 12 ಸಾವಿರ ಅಂದರು. ಒಂದು ಕಾಲದಲ್ಲಿ 911 ಮಂದಿಯೇ ಮೂಸದ ಮಾಡೆಲ್ ಇದು. 2009ರಲ್ಲಿ ರಾಬ್ ಡಿಕಿನ್ಸನ್ ಲಾಸ್ ಏಂಜಲೀಸ್‌ನಲ್ಲಿ ಸಿಂಗರ್ ಕಂಪನಿ ಶುರು ಮಾಡಿ, 964 ತಗೊಂಡು ಬಿಚ್ಚಿ ಹೊಸ ರೂಪ ಕೊಡಲು ಹೊರಟ ಮೇಲೆ ಎಲ್ಲರ ಕಣ್ಣು ಇದರ ಮೇಲೆ ಬಿತ್ತು. ನೋಡಿ ಕಲಿತ ಬೇರೆ ಗ್ಯಾರೇಜುಗಳೂ 964ನ್ನೇ ಕತ್ತರಿಸಿದವು. ಮುಟ್ಟದೆ ಉಳಿದದ್ದು ದುಬಾರಿಯಾಯಿತು. ಶುರುವಿನ ವರ್ಷಗಳ 964ಗಳಲ್ಲಿ ಸಿಲಿಂಡರ್ ಹೆಡ್ ಹತ್ತಿರ ಆಯಿಲ್ ಸೋರುವುದು, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಎರಡು ಡಿಸ್ಟ್ರಿಬ್ಯೂಟರ್ ನಡುವಿನ ಚಿಕ್ಕ ಬೆಲ್ಟ್ ಹರಿಯುವುದು, ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ನಿನ ಅದುರು ಕಮ್ಮಿ ಮಾಡುವ ಎರಡು ಭಾಗದ ಭಾರದ ಚಕ್ರ) ಹಾಳಾಗುವುದು ಗೊತ್ತಿರುವ ವಿಷಯ. ಇವು ಸರಿ ಮಾಡಿಸಿದ ರಸೀದಿ ಕೇಳಿ. ರಸೀದಿ ಇಲ್ಲ ಅಂದರೆ ಖರ್ಚು ನಿಮ್ಮ ಪಾಲಿಗೆ ಅಂತಲೇ ಲೆಕ್ಕ.

993 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೆಳೆಯ ಶಿವಮೊಗ್ಗದವನು. "ಒಂದ್ ಸಲ ಓಡ್ಸಿ ನೋಡು ಮಾರಾಯ, ಆಮೇಲೆ ಹಳೇದರ ಮಾತೇ ಆಡಲ್ಲ" ಅಂದು ಕೀಲಿ ಕೊಟ್ಟ. ಆರು ಗೇರು, ಹಿಂದೆ ಹೊಸ ಮಲ್ಟಿಲಿಂಕ್ ಸಸ್ಪೆನ್ಷನ್, ಹೈಡ್ರಾಲಿಕ್ ಲಿಫ್ಟರ್ ಇರುವುದರಿಂದ ಆಗಾಗ ವಾಲ್ವ್ ಅಡ್ಜಸ್ಟ್ ಮಾಡಿಸುವ ಗೋಜಿಲ್ಲ. ಚೆಂದ ಇದೆ, ವೇಗ ಇದೆ, ಲಾಸ್ ಏಂಜಲೀಸ್‌ಗೆ ಹೋಗಿ ಬಂದರೂ ಬೆನ್ನು ನೋಯುವುದಿಲ್ಲ. ಆದರೆ ನನ್ನ ದಾರಿಯ ವೇಗದಲ್ಲಿ ಅದಕ್ಕೆ ಮಾಡಲು ಕೆಲಸವೇ ಇರಲಿಲ್ಲ. ಮಾರುಕಟ್ಟೆಯಲ್ಲಿ ಇದರ ತೂಕ ಬಂದಿರುವುದು "ಕೊನೆಯದು" ಅನ್ನುವ ಪಟ್ಟದಿಂದ. ಇಂಥದೇ ಕಾರಿಗೆ 1 ಲಕ್ಷ 30 ಸಾವಿರ ಕೇಳಿದ್ದನ್ನು ನೋಡಿದ್ದೇನೆ. 1996ರಿಂದ ಈಚಿನದರಲ್ಲಿ ಸೆಕೆಂಡರಿ ಏರ್ ಇಂಜೆಕ್ಷನ್ (ಹೊಗೆ ಶುದ್ಧ ಮಾಡಲು ಎಕ್ಸಾಸ್ಟಿಗೆ ಗಾಳಿ ಊದುವ ಏರ್ಪಾಡು) ದಾರಿ ಇಂಗಾಲ ಕಟ್ಟಿ ಮುಚ್ಚಿಕೊಂಡರೆ ಚೆಕ್ ಇಂಜಿನ್ ಲೈಟ್ ಹತ್ತುತ್ತದೆ. ಕ್ಯಾಲಿಫೋರ್ನಿಯಾದ ಸ್ಮಾಗ್ ಟೆಸ್ಟಿನಲ್ಲಿ (ಹೊಗೆ ಪರೀಕ್ಷೆ) ಆ ಲೈಟ್ ಹತ್ತಿದ್ದರೆ ಫೇಲ್. ಕೆಲವೊಮ್ಮೆ ಇಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚಬೇಕಾಗುತ್ತದೆ.

3.2ರ ಹಿಂದಿನ ಎಸ್‌ಸಿ ಯಾಕೆ ಬಿಟ್ಟೆ ಅಂತ ಕೇಳಬಹುದು. 1978ರಿಂದ 83ರವರೆಗಿನ ಈ 3 ಲೀಟರ್ ಕಾರು ಗಟ್ಟಿ ಇಂಜಿನ್ನಿಗೆ ಹೆಸರಾದದ್ದು, ಬೆಲೆಯೂ ಇನ್ನೂ ಸ್ವಲ್ಪ ಕಮ್ಮಿ. ನನಗೆ ಒಳ್ಳೆಯದೊಂದು ಓಡಿಸಲು ಸಿಗಲಿಲ್ಲ, ಅಷ್ಟೇ. ಸಿಕ್ಕರೆ ಚೈನ್ ಟೆನ್ಷನರ್ (ಇಂಜಿನ್ನಿನ ಒಳಗಿನ ಚೈನ್ ಬಿಗಿಯಾಗಿ ಇಡುವುದು) ಬದಲಾಗಿದೆಯಾ, ಹೆಡ್ ಸ್ಟಡ್ (ಸಿಲಿಂಡರ್ ಹೆಡ್ ಬಿಗಿದಿಡುವ ಉದ್ದ ಬೋಲ್ಟ್) ಮುರಿದಿದೆಯಾ ಅಂತ ಮೊದಲು ನೋಡಿ.

ನನ್ನ ಆಯ್ಕೆ 86. ಅಜ್ಜನ ಹತ್ತಿರ ಮಾತುಕತೆ ನಡೆಯುತ್ತಿದೆ. 964 ಮೇಲೆ ಮನಸ್ಸಿಲ್ಲ ಅಂತಲ್ಲ. ಆದರೆ ಹೆಚ್ಚು ಕೊಡಬೇಕಾದ 50 ಸಾವಿರದಲ್ಲಿ ಒಂದು ದೊಡ್ಡ ಪಾಲು ಸಿಂಗರ್ ತಂದ ಗಾಳಿಗೆ ಹೋಗುತ್ತದೆ, ಆ ಗಾಳಿ ನನ್ನ ಇಂಜಿನ್ ತಣಿಸುವುದಿಲ್ಲ. ಬೆಲೆ ಇನ್ನೂ ಏರುತ್ತದೆ ಅಂತ ನಂಬಿಸಿ ಮಾರುವವರು ತುಂಬ ಇದ್ದಾರೆ. ಇಂಜಿನ್ ಒಮ್ಮೆ ಬಿಚ್ಚಿದರೆ ಎರಡು ಮೂರು ವರ್ಷದ ಏರಿಕೆ ಅಲ್ಲೇ ಕರಗಿ ಹೋಗುತ್ತದೆ ಅನ್ನುವುದನ್ನು ಅವರು ಹೇಳುವುದಿಲ್ಲ.

ದುಡ್ಡು ಕೊಡುವ ಮುಂಚೆ ಮಾಡಿಸಬೇಕಾದದ್ದು ಯಾವ ವರ್ಷದ ಕಾರಿಗೂ ಒಂದೇ. ಮಾರುವವರಿಗೆ ಸಂಬಂಧವಿಲ್ಲದ, ಏರ್‌ಕೂಲ್ಡ್ ಕೆಲಸ ಗೊತ್ತಿರುವ ಗ್ಯಾರೇಜಿಗೆ ಒಯ್ಯಿರಿ. ಕಂಪ್ರೆಷನ್ ಜೊತೆ ಲೀಕ್‌ಡೌನ್ ಟೆಸ್ಟೂ ಬೇಕು, ಸಿಲಿಂಡರಿನಲ್ಲಿ ಒತ್ತಡ ಎಷ್ಟು ನಿಲ್ಲುತ್ತದೆ, ಎಷ್ಟು ಸೋರುತ್ತದೆ ಅಂತ ಗೊತ್ತಾಗುತ್ತದೆ. 3.2ರಲ್ಲಿ ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ) ಸವೆದಿದ್ದರೆ ಆಯಿಲ್ ಕುಡಿಯುತ್ತದೆ, ಸಾವಿರ ಮೈಲಿಗೆ ಎಷ್ಟು ಹಾಕುತ್ತೀರಿ ಅಂತ ಮಾಲೀಕರನ್ನೇ ಕೇಳಿ. 1976ರಿಂದ ಬಾಡಿಗೆ ಜಿಂಕ್ ಲೇಪ ಇದೆ, ಆದರೂ ಗಾಜಿನ ಅಂಚು, ಬ್ಯಾಟರಿಯ ಕೆಳಗೆ, ಬಾಗಿಲಿನ ಲಾಕ್ ಕೂರುವ ಕಂಬದ ಬುಡ ಇವನ್ನು ಟಾರ್ಚ್ ಬಿಟ್ಟು ನೋಡಬೇಕು. ಇಂಜಿನ್ ಕಂಪ್ಯೂಟರಿಗೆ, ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ಡಿಎಂಇ ರಿಲೇ ಅನ್ನುವ ಚಿಕ್ಕ ಡಬ್ಬಿ ಕೈಕೊಟ್ಟರೆ ಕಾರು ನಿಂತಲ್ಲೇ ನಿಲ್ಲುತ್ತದೆ, ಒಂದು ಸ್ಪೇರ್ ಗ್ಲೌ ಬಾಕ್ಸಿನಲ್ಲಿ ಇರಲಿ.

ಇನ್ನು ಸ್ಮಾಗ್. ಇಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಕಾರಿಗೆ ವಿನಾಯಿತಿ ಇದೆ. ಮೇಲೆ ಹೇಳಿದ ಯಾವುದಕ್ಕೂ ಇಲ್ಲ. ಕಾರು ಕೈ ಬದಲಾಗುವಾಗ ಸ್ಮಾಗ್ ಸರ್ಟಿಫಿಕೇಟ್ ಕೊಡುವುದು ಮಾರುವವರ ಕರ್ತವ್ಯ, ಅದೂ 90 ದಿನದ ಒಳಗೆ ಮಾಡಿಸಿದ್ದಿರಬೇಕು. "ಆಮೇಲೆ ನೀವೇ ಮಾಡಿಸಿಕೊಳ್ಳಿ, ಅದಕ್ಕೆ 500 ಡಾಲರ್ ಬಿಡ್ತೀನಿ" ಅಂದವರ ಮನೆಯಿಂದ ಕಾಫಿ ಕೊಟ್ಟರೆ ಕುಡಿದು ಎದ್ದು ಬನ್ನಿ.